ಆಡಿನ ಕಣ್ಣಿನಲ್ಲಿ ಬೆಳಕು

ನನ್ನ ಕೆಲಸ ಏನು ಎಂದು ಕೊಣ್ಣೂರಿನಲ್ಲಿ ಯಾರಾದರೂ ಕೇಳಿದರೆ ಅವ್ವನೇ ಮುಂದಾಗಿ ಉತ್ತರ ಕೊಡುತ್ತಿದ್ದಳು: "ಬೆಳಕ ಅಳೀತಾಳ್ರಿ." ಕೇಳಿದವರು ತಲೆಯಾಡಿಸಿ ಕಬ್ಬಿನ ಮಾತಿಗೆ ಹೊರಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಬೆಳಕನ್ನು ಅಳೆಯುತ್ತಿರಲಿಲ್ಲ, ಬೆಳಕಿನಿಂದ ಬೇರೆಯದನ್ನು ಅಳೆಯುತ್ತಿದ್ದೆ. ಆದರೆ ಅಷ್ಟು ಹೆಮ್ಮೆಯಿಂದ ಹೇಳುವವಳನ್ನು ತಿದ್ದಲು ಮನಸ್ಸು ಬರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಊರಿನಿಂದ ದೂರದ ಒಂದು ಪ್ರಯೋಗಾಲಯದಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮ ಲೇಸರ್ ಒಂದೇ ಸಮನೆ ಉರಿಯುವ ಜಾತಿಯದಲ್ಲ. ಅದರೊಳಗೆ ಲೆಕ್ಕವಿಲ್ಲದಷ್ಟು ಬಗೆಯ ಕೆಂಪುಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತವೆ. ಒಂದು ಕನ್ನಡಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಅದೃಷ್ಟವಿದ್ದರೆ, ಎಲ್ಲವೂ ಒಮ್ಮೆಲೇ ಹೆಜ್ಜೆ ಕೂಡಿಸಿ ಮಿಡಿತ ಮಿಡಿತವಾಗಿ ಹೊರಬೀಳುತ್ತವೆ. ಒಂದು ಮಿಡಿತ ಎಷ್ಟು ಚಿಕ್ಕದೆಂದರೆ, ಅಷ್ಟು ಹೊತ್ತಿನಲ್ಲಿ ಬೆಳಕು ಒಂದು ಕೂದಲಿನ ದಪ್ಪವನ್ನೂ ದಾಟಲಾರದು. ಇಷ್ಟು ದುಬಾರಿ ಯಂತ್ರ ಕೊನೆಗೆ ಬೆರಳಿನ ಪೆಟ್ಟಿಗೇ ಬಗ್ಗುತ್ತದಲ್ಲ ಎಂದು ನನಗೆ ನಗು ಬರುತ್ತಿತ್ತು.

ಅಂಥ ಮಿಡಿತ ಒಂದು ವಸ್ತುವಿನ ಒಳಪದರಗಳಿಗೆ ಬಡಿದು ಮರಳಿ ಬಂದಾಗ ಯಾವ ಪದರ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ನಾವು ಅಳೆಯಲು ಹೊರಟಿದ್ದು ಕಣ್ಣಿನ ಹಿಂಭಾಗದ ಪರದೆಯನ್ನು. ತೊಡಕಿದ್ದದ್ದು ಕಣ್ಣೊಳಗಿನ ನೀರಿನಲ್ಲಿ. ಅಲ್ಲಿ ಕಡು ಕೆಂಪು ಮುಂದೆ ಓಡುತ್ತದೆ, ತಿಳಿ ಕೆಂಪು ಹಿಂದೆ ಬೀಳುತ್ತದೆ. ಒಟ್ಟಿಗೆ ಹೊರಟ ಬೆಳಕು, ಶಾಲೆಯ ಪ್ರಭಾತ ಫೇರಿಯಲ್ಲಿ ಗಿಡ್ಡರು ಮುಂದೆ, ಎತ್ತರದವರು ಹಿಂದೆ ನಡೆದ ಹಾಗೆ ಉದ್ದ ಸಾಲಾಗಿಬಿಡುತ್ತದೆ, ಅಳತೆ ಮಸುಕಾಗುತ್ತದೆ. ಗಾಜಿನ ಪಟ್ಟಕಗಳನ್ನು ಹಿಂದೆ ಮುಂದೆ ಸರಿಸಿ ಆ ಸಾಲನ್ನು ಮತ್ತೆ ಗುಂಪಾಗಿಸಬೇಕು. ಎಷ್ಟು ಸರಿಸಬೇಕೆಂದು ತಿಳಿಯಲು ನಿಜವಾದ ಕಣ್ಣೇ ಬೇಕು. ಅದಕ್ಕಾಗಿ ಕಸಾಯಿಖಾನೆಯಿಂದ ಆಡಿನ ಕಣ್ಣು ತರಿಸುತ್ತಿದ್ದೆವು.

ಒಂದು ರಜೆಯಲ್ಲಿ ಇದನ್ನು ಅವ್ವನಿಗೆ ಹೇಳಿದೆ. ನಮ್ಮದು ಜೈನರ ಮನೆ, ಉಳ್ಳಾಗಡ್ಡಿ ಸಹ ಒಳಗೆ ಬರದ ಅಡುಗೆಮನೆ. ಹುಕ್ಕೇರಿಯ ತವರಿನಲ್ಲಿದ್ದಾಗಿನಿಂದಲೂ ಅವ್ವ ಬಟ್ಟೆಯಲ್ಲಿ ಸೋಸದ ನೀರು ಕುಡಿದವಳಲ್ಲ. ಹೇಳದೆ ಇರಬಹುದಿತ್ತು, ಆದರೆ ಮುಚ್ಚಿಡುವುದು ನನ್ನ ಜಾಯಮಾನವಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಯಾರ ಸಲುವಾಗಿ ಕೊಯ್ದದ್ದು?"

"ತಿನ್ನವರ ಸಲುವಾಗಿ. ನಮಗ ಬರೇ ಕಣ್ಣ ಕೊಡ್ತಾರ."

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುವರ್ಷ ಅವಳ ಕಣ್ಣಿಗೇ ತೊಂದರೆ ಶುರುವಾಯಿತು. ಪಕ್ಕದಲ್ಲಿ ನಿಂತವರು ಕಾಣುತ್ತಿರಲಿಲ್ಲ, ಹೊಸ್ತಿಲು ಎಡವುತ್ತಿದ್ದಳು. ಗೋಕಾಕದ ಕಣ್ಣಿನ ಡಾಕ್ಟರು ಕಾಚಬಿಂದು ಎಂದರು, ಒತ್ತಡ ಏರಿ ಕಣ್ಣಿನ ನರ ಸವೆಯುವ ರೋಗ. ಹೋದ ದೃಷ್ಟಿ ಮರಳುವುದಿಲ್ಲ. ಬಲಗಣ್ಣು ಬಹುಪಾಲು ಹೋಗಿತ್ತು. ಎಡಗಣ್ಣಿಗೆ ಔಷಧದ ಹನಿ ಸಾಕೋ, ಆಪರೇಶನ್ ಬೇಕೋ ಎಂದು ಹೇಳಲು ನರದ ಪದರ ಎಷ್ಟು ಉಳಿದಿದೆ ಎಂದು ಅಳೆಯಬೇಕಿತ್ತು.

"ಮೀರಜದ ದೊಡ್ಡ ದವಾಖಾನಿಗೆ ಹೊಸಾ ಮಷಿನ್ ಬಂದೈತ್ರಿ. ಲಗೂನ ಹೋಗಿ ಬರ್ರಿ," ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು. "ಅದ ನಿಮ್ಮ ಮಷಿನ್ ಏನ?"

"ನಮ್ಮದರ ಜಾತೀದ. ಅದರಾಗ ಸಾದಾ ಬೆಳಕ ಇರತೈತಿ."

"ಅದಕ್ಕೂ ಆಡಿನ ಕಣ್ಣ ಬೇಕಾಗಿದ್ದೂವೇನ?"

"ಬೇಕಾಗಿರ್ತಾವ. ಇಲ್ಲಂದ್ರ ಹೆಂಗ ಕಲೀತಾರ?"

"ಹಂಗಾರ ನಾ ಅದರ ಮುಂದ ಕೂಡೂದಿಲ್ಲ."

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲೇ ಕೂಗಾಡಿದೆ. ಕಣ್ಣು ಹೋದ ಮೇಲೆ ನೀರಿನಲ್ಲಿ ಹುಳ ಇದೆಯೋ ಇಲ್ಲವೋ ಹೇಗೆ ನೋಡುತ್ತಿ ಎಂದೂ ಕೇಳಿದೆ. ಅವ್ವ ಚೀಲ ಎತ್ತಿಕೊಂಡು ಊರಿನ ಬಸ್ಸು ಹತ್ತಿದಳು. ಅಪ್ಪ ಹೇಳಿ ಸೋತರು. ಮೂಡಲಗಿಗೆ ಕೊಟ್ಟ ಅಕ್ಕ ಬಂದು ಅತ್ತು ಹೋದಳು. ಆ ಪದರ ಎಷ್ಟು ತೆಳುವಾದದ್ದು, ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಬಲ್ಲವಳು ಮನೆಯಲ್ಲಿ ನಾನೊಬ್ಬಳೇ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ಅಂದು ನಮ್ಮವರು ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುತ್ತಾರೆ, ಸಕಲ ಜೀವಗಳಲ್ಲೂ ಕೇಳುತ್ತಾರೆ. ಬಸದಿಯಿಂದ ಬಂದ ಅವ್ವ ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬೇಲಿಯಾಚೆ ನೆರೆಯವರ ಆಡುಗಳು ಮೇಯುತ್ತಿದ್ದವು. ಅವುಗಳಿಗೆ ಕೈಮುಗಿದು ನಿಂತಳು. ಇದೆಲ್ಲ ಏನು ಎಂದು ಒಳಗೊಳಗೇ ಸಿಡುಕುತ್ತ ನಾನೂ ಕೈಮುಗಿದೆ.

"ನಮ್ಮಿಂದ ತಪ್ಪಾಗೈತಿ, ಕ್ಷಮಾ ಮಾಡ್ರಿ," ಎಂದಳು, ಮನೆಗೆ ಬಂದ ಬೀಗರೊಡನೆ ಮಾತಾಡುವಂತೆ. ಆಮೇಲೆ ನನ್ನತ್ತ ತಿರುಗಿದಳು. "ನಡಿ, ಮೀರಜಕ್ಕ ಹೋಗೂಣು."

ಘಟಪ್ರಭಾ ಸ್ಟೇಷನ್ನಿನಿಂದ ರೈಲಿನಲ್ಲಿ ಹೋದೆವು. ದವಾಖಾನೆಯ ಯಂತ್ರದ ಮುಂದೆ ಅವ್ವ ಗದ್ದ ಊರಿ, ರೆಪ್ಪೆ ಬಡಿಯದೆ ಕೂತಳು. ಕಂಪ್ಯೂಟರಿನ ಪರದೆಯ ಮೇಲೆ ಅವಳ ಕಣ್ಣಿನ ಪದರಗಳು ಮೂಡಿದವು. ಅಲ್ಲಿನ ಡಾಕ್ಟರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಎಡಗಣ್ಣಿನ ನರದ ಪದರ ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಆಪರೇಶನ್ ಮಾಡಿದರೆ ಇದ್ದಷ್ಟು ಉಳಿದೀತು, ಖಾತ್ರಿ ಇಲ್ಲ ಎಂದರು. ಅಷ್ಟು ತೆಳುವಾದದ್ದನ್ನು ಅಷ್ಟು ಕರಾರುವಾಕ್ಕಾಗಿ ಅಳೆಯುವ ನಮ್ಮ ವಿದ್ಯೆಗೆ ಅದನ್ನು ಒಂದು ಎಳೆಯಷ್ಟೂ ದಪ್ಪ ಮಾಡಲು ಬರುವುದಿಲ್ಲ. ನನಗೆ ದುಃಖ ಉಕ್ಕಿ ಬಂತು.

ಅವ್ವ ಅಳಲಿಲ್ಲ. ಎಡಗಣ್ಣನ್ನು ಪರದೆಯ ಹತ್ತಿರ ಒಯ್ದು ಆ ಚಿತ್ರವನ್ನೇ ನೋಡಿದಳು.

"ಆಡಿನ ಕಣ್ಣೂ ಹಿಂಗ ಕಾಣತಿದ್ದೂವೇನ?"

"ಹೂಂ ಅವ್ವಾ. ಪದರ ಎಲ್ಲಾ ಹಿಂಗ. ಆದರ ಅವು ಸವದಿರತಿರಲಿಲ್ಲ."

"ಛಲೋ ಇದ್ದೂವು?"

"ಛಲೋ ಇದ್ದೂವು."

ಆಗ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.