ಕಾಕಾನ ಕಿವಿಗೊಬ್ಬ ಸಾಕ್ಷಿ

ಗೆಳೆಯರೇ, ಇವತ್ತು ನಮ್ಮ ಕಾಕಾನನ್ನು ಸೇನೆಯ ವೈದ್ಯಕೀಯ ಮಂಡಳಿಯ ಮುಂದೆ ಕರೆದುಕೊಂಡು ಹೋಗಿದ್ದೆ. ಫಿರಂಗಿ ದಳದಲ್ಲಿದ್ದ ಕಾಕಾನಿಗೆ ಈಗ ಕಿವಿ ಕೇಳಿಸುವುದಿಲ್ಲ. ಅದು ಸೇವೆಯಿಂದಲೇ ಬಂದದ್ದೆಂದು ಮಂಡಳಿ ಒಪ್ಪಿದರೆ ಮಾತ್ರ ಅಂಗವೈಕಲ್ಯ ಪಿಂಚಣಿ.

"ವಯಸ್ಸಾದರೆ ಯಾರಿಗಾದರೂ ಹೀಗಾಗುತ್ತದೆ" ಎಂದರು ಡಾಕ್ಟರು, ಹಿಂದಿಯಲ್ಲಿ.

ಕಾಕಾನ ಜೊತೆ ಒಂದೇ ಫಿರಂಗಿಯ ಪಕ್ಕ ನಿಂತು ದುಡಿದ ಬಸಣ್ಣನವರು ಸಾಕ್ಷಿ ಹೇಳಲೆಂದೇ ಸನತ್‌ನಗರದಿಂದ ಬಂದಿದ್ದರು. ಡಾಕ್ಟರು ಅವರತ್ತ ತಿರುಗಿ, "ಆಗ ಕಿವಿಗೆ ಏನಾದರೂ ಹಾಕಿಕೊಳ್ಳುತ್ತಿದ್ದಿರಾ?" ಎಂದು ಕೇಳಿದರು.

ಬಸಣ್ಣ ಮುಂದಕ್ಕೆ ಬಾಗಿ, "ಆಂ? ಜೋರ್ ಸೆ ಬೋಲಿಯೇ ಸಾಬ್!" ಎಂದು ಕೂಗಿದರು.

ಡಾಕ್ಟರು ಇಬ್ಬರನ್ನೂ ನೋಡಿದರು. "ಇವರಿಗೂ ಕೇಳಿಸುವುದಿಲ್ಲವಲ್ಲ! ಇವರೇಕೆ ಅರ್ಜಿ ಹಾಕಿಲ್ಲ?"

ನಾನದನ್ನು ಬಸಣ್ಣನವರ ಕಿವಿಯಲ್ಲಿ ಕೂಗಿ ಹೇಳಿದೆ. "ನಂದೇನ್ ಬಿಡವ್ವಾ, ಮೊದ್ಲ ಇವಂದ ಆಗ್ಲಿ" ಎಂದರು.

ಕಾಕಾನ ತೊಂದರೆ ಸೇವೆಯಿಂದಲೇ ಬಂದದ್ದೆಂದು ಡಾಕ್ಟರು ಬರೆದರು. ಬಸಣ್ಣನವರಿಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು.

ವಾಪಸ್ ಬರುವಾಗ ಆಟೋದಲ್ಲಿ ಇಬ್ಬರದೂ ಒಂದೇ ಸಮ ಕೂಗಾಟ. "ಕಾಯ್ಕೂ ಝಗಡಾ ಕರ್‌ರೈಂ?" ಎಂದ ಆಟೋದವನು.

ಜಗಳವಲ್ಲ ಭಾಯಿ, ಗುಟ್ಟು ಮಾತಾಡುತ್ತಿದ್ದಾರೆ ಎಂದೆ.