ಮಾತಾಡಿಸಲು ಹೋದ ಮನೆಯಲ್ಲಿ ಚಾರ್ಜಿಗೆ ಹಚ್ಚಿದ ಕಾರು

ಬಾಡಿಗೆ ಮನೆಯಲ್ಲಿ ಇರುವವರು ಕರೆಂಟಿನ ಕಾರು ಕೊಳ್ಳಬಾರದು ಎಂದು ನನ್ನ ಗಂಡನ ಮುಂದೆ ಬಡಕೊಂಡೆ. ಕೇಳಿದರೆ ತಾನೆ? ನಿವೃತ್ತಿಯಾದ ಮನುಷ್ಯ, ಬೇರೆ ಕೆಲಸವಿಲ್ಲ, ಮೊಬೈಲಿನಲ್ಲಿ ಅದನ್ನೇ ನೋಡಿ ನೋಡಿ ಒಂದು ದಿನ ಬಿಳಿಯ ಕಾರೊಂದನ್ನು ತಂದು ಮೈಲೂರಿನ ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಮನೆಯ ಮಾಲಕ ಮಹಡಿಯಿಂದ ಇಳಿದು ಬಂದು ಕಾರಿನ ಸುತ್ತ ಒಂದು ಸಲ ತಿರುಗಿದ. "ಗಾಡಿ ಛಲೋ ಅದರಿ. ಆದ್ರ ನಮ್ಮ ಮೀಟರಿಗೆ ಮಾತ್ರ ಹಚ್ಚಬ್ಯಾಡ್ರಿ, ವಾಯರಿಂಗ್ ಹಳೀದು" ಎಂದು ಹೇಳಿ ಮತ್ತೆ ಮೇಲೆ ಹೋದ. ಅಲ್ಲಿಗೆ ಮುಗಿಯಿತು. ಬೀದರದಲ್ಲಿ ಚಾರ್ಜಿಂಗ್ ಮಷಿನುಗಳು ಬಂದಿಲ್ಲವೆಂದಲ್ಲ. ಅವು ಚಾಲೂ ಇದ್ದ ದಿನ ಮುಂದೆ ಗಾಡಿಗಳ ಸಾಲು ನಿಂತಿರುತ್ತದೆ, ಸಾಲು ಇಲ್ಲದ ದಿನ ಮಷಿನೇ ಬಂದ್ ಇರುತ್ತದೆ.

ಹೀಗಾಗಿ ನಾವು ಅರವತ್ತು ದಾಟಿದ ಮೇಲೆ ಟೆಂಟಿನಲ್ಲಿ ಮಲಗುವವರಾದೆವು. ಭಾಲ್ಕಿ ದಾರಿಯಲ್ಲಿ, ಹಲಬರ್ಗಾದ ಹತ್ತಿರ, ಒಬ್ಬ ಸಾಹೇಬರು ತಮ್ಮ ಹೊಲದ ಮಾವಿನ ಗಿಡಗಳ ಕೆಳಗೆ ಆರೇಳು ಟೆಂಟು ಹಾಕಿಸಿದ್ದಾರೆ. ಹೈದರಾಬಾದಿನ ಮಂದಿ ರಜೆಗೆ ಬಂದು ಇಳಿದುಕೊಳ್ಳಲಿ ಎಂಬ ಆಸೆ. ಒಂದೊಂದು ಟೆಂಟಿನ ಬದಿಗೂ ಒಂದು ಸಿಮೆಂಟಿನ ಕಂಬ, ಕಂಬಕ್ಕೆ ತಗಡಿನ ಡಬ್ಬಿ, ಡಬ್ಬಿಯೊಳಗೆ ಪವರ್ ಪ್ಲಗ್. ಕೂಲರಿಗೋ ಹೀಟರಿಗೋ ಇರಲೆಂದು ಮಾಡಿಸಿದ್ದು. ಹೈದರಾಬಾದಿನ ಮಂದಿ ಬರಲಿಲ್ಲ, ಬಂದವರು ನಾವು. ಪ್ರತಿ ಶನಿವಾರ ಸಂಜೆ ಹೋಗುವುದು, ಕಂಬದಿಂದ ಕಾರಿಗೆ ವಾಯರು ಎಳೆಯುವುದು, ಟೆಂಟಿನಲ್ಲಿ ಮಲಗುವುದು, ಬೆಳಿಗ್ಗೆ ಕಾರು ತುಂಬಿದ ಮೇಲೆ ಮನೆಗೆ ಬರುವುದು. ಉಳಿದ ಟೆಂಟುಗಳ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿರುತ್ತಿತ್ತು, ಒಳಗೆ ಒಂದು ನರಪಿಳ್ಳೆ ಇಲ್ಲ. ಇದೇನು ಸಂಸಾರವೋ ಎಂದು ನನಗೆ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು. ನನ್ನ ಗಂಡ ಮಾತ್ರ ಕಾರಿನ ಹಸಿರು ದೀಪ ನೋಡುತ್ತ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು.

ಆ ಬೇಸಿಗೆಯಲ್ಲಿ ನನಗೆ ಟೈಫಾಯ್ಡ್ ಆಯಿತು. ಹಾಸಿಗೆಯಿಂದ ತಲೆ ಎತ್ತಲಾಗದೆ ಮಲಗಿದ್ದಾಗಲೇ ಔರಾದದಲ್ಲಿ ನನ್ನ ಅಕ್ಕನ ಗಂಡ ತೀರಿಕೊಂಡರು. ಊಟ ಮಾಡಿ ಮಧ್ಯಾಹ್ನ ಅಡ್ಡಾಗಿದ್ದವರನ್ನು ಅಕ್ಕ ಚಹಾಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ಭಾವನ ಮಣ್ಣಿಗೆ ನನ್ನ ಗಂಡ ಒಬ್ಬರೇ ಹೋಗಿ ಬಂದರು. ನಾನು ಗೋಡೆಯ ಕಡೆ ಮುಖ ಮಾಡಿ ಅತ್ತೆ.

ನಮ್ಮವ್ವ ಸತ್ತಾಗ ನಾನಿನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ನನ್ನ ತಲೆ ಬಾಚಿ ಹೆರಳು ಹಾಕಿದವಳು ಅಕ್ಕ, ಊಟ ಒಲ್ಲೆ ಎಂದರೆ ಬೆನ್ನಿಗೆ ಎರಡು ಬಿಟ್ಟು ಉಣ್ಣಿಸಿದವಳೂ ಅಕ್ಕ. ಅಪ್ಪ ಹೋದ, ಅಣ್ಣನೂ ಹೋದ. ಅವಳಿಗೆ ತವರು ಅಂತ ಉಳಿದವಳು ಈಗ ನಾನೊಬ್ಬಳೇ.

ಅಕ್ಕನ ಸೊಸೆ ಫೋನು ಮಾಡುತ್ತಿದ್ದಳು. "ಚಿಗವ್ವಾ, ಅತ್ತಿಯವರು ಒಂದು ಹನಿ ಕಣ್ಣೀರು ತೆಗೆದಿಲ್ಲರಿ. ಮಣ್ಣಿನ ದಿನಾನೂ ಇಲ್ಲ, ಆಮ್ಯಾಗೂ ಇಲ್ಲ. ಮಾತೂ ಇಲ್ಲ. ಎದೀಗೆ ಹತ್ತಿ ಏನರ ಆಗ್ತದಂತ ಎಲ್ಲಾರೂ ಅಂಜ್ಯಾರ. ತವರಿನವರು ಬಂದ್ರ ಅಳ್ತಾರ, ನೀವು ಬರ್ರಿ." ನಮ್ಮ ಕಡೆ ಅದು ಇದ್ದದ್ದೇ. ಗಂಡ ಸತ್ತ ಹೆಂಗಸು ತವರಿನವರ ಕೊರಳಿಗೆ ಬಿದ್ದು ಅತ್ತರೆ ಅರ್ಧ ಭಾರ ಇಳಿದಂತೆ. ಎಲ್ಲರೂ ನನ್ನ ದಾರಿ ಕಾಯುತ್ತಿದ್ದರು. ನನಗೂ ಅದೇ ಯೋಚನೆ, ಅದೇ ಹೆದರಿಕೆ.

ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ, ಶನಿವಾರ ಟೆಂಟಿನಲ್ಲಿ ಚಾರ್ಜಿಗೆ ಹಚ್ಚಿ, ರವಿವಾರ ಅಲ್ಲಿಂದಲೇ ಔರಾದಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಹಸಿರು ದೀಪವಿಲ್ಲ. ಸಾಹೇಬರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಮಾಫ್ ಮಾಡ್ರಿ ಸರ್. ರಾತ್ರಿನೇ ಟಿಸಿ ಸುಟ್ಟು ಕರೆಂಟ್ ಹೋಗ್ಯದ. ಮೂರು ದಿನಾನೋ ನಾಕು ದಿನಾನೋ, ಖುದಾಗೇ ಗೊತ್ತು."

ಎಲ್ಲಿಗೆ ಹೊರಟಿದ್ದೇವೆಂದು ಕೇಳಿ ತಿಳಿದ ಮೇಲೆ ಅವರ ಮುಖ ಇನ್ನೂ ಸಣ್ಣದಾಯಿತು. "ಸಬರ್ ಮಾಡ್ರಿ ಅಮ್ಮಾ, ಧೈರ್ಯ ತಗೋರಿ" ಎಂದಷ್ಟೇ ಹೇಳಿ, ಟೆಂಟಿನ ಬಾಡಿಗೆ ಮುಟ್ಟದೆ ನಮ್ಮನ್ನು ಗೇಟಿನ ತನಕ ಬಿಟ್ಟರು.

ಕಾರಿನಲ್ಲಿ ಕೂತ ಮೇಲೆ ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಇದ್ದ ಚಾರ್ಜಿನಾಗ ಔರಾದ ಮುಟ್ಟತೇವಿ. ತಿರುಗಿ ಬರ್ಲಾಕ ಸಾಲಂಗಿಲ್ಲ. ಅಲ್ಲೇ ಮನ್ಯಾಗ ಸ್ವಲ್ಪ ಹಚ್ಚಿದ್ರಾತು."

"ಏನಂದ್ರಿ? ಸತ್ತ ಮನಿಗೆ ಮಾತಾಡಸ್ಲಾಕ ಹೋಗಿ ವಾಯರ್ ಹಚ್ಚೋದಾ? ಮಂದಿ ಮಾರಿ ಮ್ಯಾಲ ಉಗುಳ್ತಾರ!"

"ಮತ್ತೇನು ಮಾಡ್ಲಿ, ನೀನೇ ಹೇಳು."

ನಾನು ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕೂತೆ. ಚಾರ್ಜು ಉಳಿಯಲೆಂದು ಎ.ಸಿ. ಬಂದ್ ಮಾಡಿದ್ದರು. ಭಾಲ್ಕಿ ದಾಟಿ ಔರಾದದ ದಾರಿ ಹಿಡಿಯುವಷ್ಟರಲ್ಲಿ ಬೆನ್ನಿಗೆ ಸೀರೆ ಅಂಟಿತ್ತು. ಕಿಟಕಿಯಿಂದ ಬಿಸಿ ಧೂಳು. ತೊಗರಿ ಕಿತ್ತ ಕರಿ ಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

ನಮ್ಮ ಕಡೆ ಸತ್ತ ಮನೆಗೆ ಮಾತಾಡಿಸಲು ಹೋಗುವುದಕ್ಕೆ ರೀತಿ ಇದೆ. ಹೋಗಿ ಕೂಡಬೇಕು, ಅಳಬೇಕು, ಎರಡು ಸಮಾಧಾನದ ಮಾತು ಆಡಬೇಕು. ಏಳುವಾಗ ಮಾತ್ರ ಏನೂ ಹೇಳಕೂಡದು. "ಬರ್ತೇನಿ" ಅಂತೂ ಅನ್ನಲೇಬಾರದು, ಅಂದರೆ ಆ ಮನೆಗೆ ಮತ್ತೆ ಸಾವು ಬರುತ್ತದಂತೆ. ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿ ನಡೆಯಬೇಕು, ಹಿಂದಕ್ಕೆ ತಿರುಗಿ ನೋಡಬಾರದು, ರಾತ್ರಿ ಅಲ್ಲಿ ನಿಲ್ಲಬಾರದು. ಶರಣರು ಸೂತಕವೇ ಇಲ್ಲವೆಂದರು. ದಿನಾ ಲಿಂಗಪೂಜೆ ಮಾಡುವ ನಮ್ಮ ಹೆಂಗಸರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿಕೊಂಡಿದ್ದಾರೆ.

ಅಂಗಳದಲ್ಲಿ ಕಾಲಿಡುತ್ತಲೇ ಭಾವನ ಅಕ್ಕ, ಎಂಬತ್ತರ ಮುದುಕಿ, ದನಿ ತೆಗೆದಳು. "ಬಂದ್ಳವ್ವಾ, ನಿನ್ನ ತಂಗಿ ಬಂದ್ಳು! ಅಳವ್ವಾ, ಅತ್ತು ಬಿಡವ್ವಾ!" ಸೊಸೆ ಸೆರಗು ಬಾಯಿಗೆ ಹಿಡಿದಳು. ಅಕ್ಕ ಪಡಸಾಲೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಹಣೆ ಬರಿದು, ಕೈ ಬರಿದು. ನಾನು ಹೋಗಿ ಅವಳನ್ನು ತಬ್ಬಿಕೊಂಡು ಬಾಯಿ ಮಾಡಿ ಅತ್ತೆ. ಅಕ್ಕ ನನ್ನ ಬೆನ್ನು ತಟ್ಟಿದಳು.

"ಭಾಳ ಸೊರಗೀದಿ. ಜ್ವರ ಬಿಟ್ಟಾವೇನು?" ಎಂದಳು.

ಅಷ್ಟೇ. ಕಣ್ಣು ಒಣಗಿಯೇ ಇತ್ತು. ಎಲ್ಲರ ಮುಖ ಇಳಿದುಹೋಯಿತು. ನನ್ನ ಕೊರಳಿಗೆ ಬಿದ್ದೂ ಅಳದವಳು ಇನ್ನು ಯಾರ ಮುಂದೆ ಅತ್ತಾಳು?

ನನ್ನ ಗಂಡ ಭಾವನ ಮಗನನ್ನು ಬದಿಗೆ ಕರೆದು ನಾಚುತ್ತ ನಾಚುತ್ತ ಕಾರಿನ ಕಥೆ ಹೇಳಿದರು. ಅವನು ಪಾಪ, "ಅದಕ್ಕೇನ್ರಿ ಕಾಕಾ, ಹಚ್ಚರಿ" ಎಂದು ಪಡಸಾಲೆಯ ಪ್ಲಗ್ ತೋರಿಸಿದ. ವಾಯರು ಕಿಟಕಿಯಿಂದ ಹೊರಗೆ ಹೋಯಿತು. ಹಚ್ಚಿದರೆ ವಾಯರಿನ ನಡುವಿನ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕತೊಡಗಿತು. ಅರ್ಥಿಂಗ್ ಇಲ್ಲದಿದ್ದರೆ ಆ ಕಾರು ಕರೆಂಟು ಮುಟ್ಟುವುದಿಲ್ಲ. ಅರ್ಥಿಂಗಿನ ತಂತಿ ಹುಗಿದ ಕುಣಿ ಎಲ್ಲಿದೆ, ಬೇಸಿಗೆಗೆ ಒಣಗಿರಬೇಕು ಎಂದು ಕೇಳಿದರೆ ಮಗನಿಗೆ ಗೊತ್ತಿಲ್ಲ. "ಅಪ್ಪ ನೋಡ್ಕೋತಿದ್ದರಿ" ಎಂದ. ಇಬ್ಬರೂ ಮನೆಯ ಸುತ್ತ ನೆಲ ನೋಡುತ್ತ ತಿರುಗಿದರು. ಮುದುಕಿ ಬಾಯಿಗೆ ಸೆರಗು ಹಿಡಿದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಅಕ್ಕ ಚಾಪೆಯಿಂದ ಎದ್ದಳು. ಭಾವ ಹೋದಾಗಿನಿಂದ ಸ್ನಾನಕ್ಕೆ ಬಿಟ್ಟರೆ ಎದ್ದವಳೇ ಅಲ್ಲವಂತೆ. ಯಾರನ್ನೂ ನೋಡದೆ ಬಚ್ಚಲಿಗೆ ಹೋಗಿ ಒಂದು ಕೊಡ ನೀರು ತುಂಬಿದಳು, ಅಡುಗೆ ಮನೆಯಿಂದ ಒಂದು ಹಿಡಿ ಉಪ್ಪು ತಂದಳು, ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹೋಗಿ ಕಾಲಿನಿಂದ ಒಣ ಎಲೆ ಸರಿಸಿದಳು. ಕೆಳಗೆ ಒಂದು ಕಲ್ಲಿನ ಮುಚ್ಚಳ. ಅದನ್ನು ಸರಿಸಿ ಉಪ್ಪು ಹಾಕಿ ನೀರು ಸುರಿದಳು. ಒಣಗಿದ ನೆಲ ಗಟಗಟ ಕುಡಿಯಿತು.

"ಬ್ಯಾಸಗಿದಾಗ ದಿನಾ ಒಂದು ಕೊಡ ಹಾಕ್ತಿದ್ರು" ಎಂದಳು. "ಟಿವಿ ಮುಟ್ಟಿದ್ರ ಝುಂ ಅಂತದ ಅಂತ ನಾನೇ ಬೈದಿದ್ದೆ. ಅವತ್ತಿನಿಂದ ಒಂದು ದಿನಾ ತಪ್ಪಿಸಲಿಲ್ಲ."

ಇನ್ನೊಂದು ಕೊಡ ಸುರಿದ ಮೇಲೆ ಹೊರಗಿನಿಂದ ನನ್ನ ಗಂಡ "ಹಸಿರು ಬಂತು" ಎಂದು ಕೂಗಿ, ಕೂಗಬಾರದಿತ್ತೆಂದು ಹೊಳೆದು ತಟ್ಟನೆ ಬಾಯಿ ಮುಚ್ಚಿದರು. ಇಷ್ಟಾದರೂ ಅಕ್ಕ ಅಳಲಿಲ್ಲ. ಕೊಡವನ್ನು ಬೋರಲು ಹಾಕಿ, ಬಂದು ಚಾಪೆಯ ಮೇಲೆ ಕೂತಳು.

ಕಾಲು ಗಂಟೆ ಕೂತು ಏಳಬೇಕಾದವಳು ನಾನು, ಸಂಜೆಯವರೆಗೆ ಕೂತೆ. ಪಡಸಾಲೆಯ ನಡುವೆ ವಾಯರು ಬಿದ್ದಿತ್ತು. ಮಾತಾಡಿಸಲು ಬಂದವರೆಲ್ಲ ಅದನ್ನು ದಾಟಿ ಬರುತ್ತಿದ್ದರು, ದಾಟಿ ಹೋಗುತ್ತಿದ್ದರು. ಬಂದು ಕೂಡುವುದು, ನಿಟ್ಟುಸಿರು ಬಿಡುವುದು, "ಪುಣ್ಯವಂತರು, ಒಂದು ದಿನಾ ಹಾಸಿಗಿ ಹಿಡೀಲಿಲ್ಲ" ಎನ್ನುವುದು, ಅಕ್ಕ ಕಣ್ಣು ಕೆಳಗೆ ಹಾಕಿದಾಗ ಸದ್ದಿಲ್ಲದೆ ಎದ್ದು ನಡೆಯುವುದು. ನಾನೂ ಎಷ್ಟೋ ಮನೆಗಳಲ್ಲಿ ಹಾಗೆಯೇ ಎದ್ದು ಬಂದವಳು. ಉಳಿದವರ ಪಕ್ಕದಲ್ಲಿ ಕೂತು ಅದನ್ನು ನೋಡಿದ್ದು ಅದೇ ಮೊದಲು.

ಯಾರೂ ಇಲ್ಲದ ಹೊತ್ತಿನಲ್ಲಿ ಅಕ್ಕ ಕೇಳಿದಳು, "ನಿಜಾನೇ ಟೆಂಟಿನಾಗ ಮಲಗ್ತೀರೇನು?"

"ಹೂಂ. ಈ ಗಾಡಿ ಸಲುವಾಗಿ. ಎಲ್ಲಾ ನಮ್ಮನಿಯವರ ಹುಚ್ಚು" ಎಂದೆ.

ಅವಳ ತುಟಿಯ ತುದಿ ತುಸು ಅಲುಗಿತು. ಆಮೇಲೆ ಬಾಗಿಲ ಕಡೆ ನೋಡಿದಳು. ಆಗಷ್ಟೇ ಎದ್ದು ಹೋದವರ ಜಾಗ ಖಾಲಿ ಇತ್ತು.

"ನೋಡು, ತಲಿ ಎತ್ತೂದ್ರಾಗ ಇರಂಗಿಲ್ಲ ಮಂದಿ. ಅವರೂ ಹೇಳದೇ ಹೋದ್ರು. ಬಂದವರೂ ಹೇಳದೇ ಹೋಗ್ತಾರ."

ನಾನು ಅವಳ ಕೈ ಹಿಡಿದುಕೊಂಡೆ. ನೀರು ಹೊತ್ತ ಕೈ ಇನ್ನೂ ತಣ್ಣಗಿತ್ತು.

ನಡುನಡುವೆ "ಎಷ್ಟಾತು?" ಎಂದು ಕೇಳುತ್ತಿದ್ದಳು, ನಾನು ಕಾರಿನ ತನಕ ಹೋಗಿ ನೋಡಿ ಬರುತ್ತಿದ್ದೆ. ಬಿಸಿಲು ಇಳಿಯುವಾಗ ಬೀದರ ಮುಟ್ಟುವುದಕ್ಕೆ ಸಾಕಷ್ಟು ಆಗಿತ್ತು. "ಇನ್ನೂ ಆಗಿಲ್ಲಕ್ಕಾ" ಎಂದು ಹೇಳಿದೆ. ಅವಳು ತಲೆ ಆಡಿಸಿದಳು. ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದೆ. ಸುಳ್ಳೆಂದು ಅವಳಿಗೆ ಗೊತ್ತಾಗಿತ್ತು ಅಂತಲೇ ನನಗೆ ಅನ್ನಿಸುತ್ತದೆ. ನನ್ನ ಸುಳ್ಳುಗಳನ್ನು ಚಿಕ್ಕಂದಿನಿಂದ ಹಿಡಿದವಳು ಅವಳು.

ಕೊನೆಗೆ ಮುದುಕಿಯೇ ಬಾಯಿ ಬಿಟ್ಟಳು. "ಹೊತ್ತು ಮುಳುಗ್ಲತ್ತದ. ಬಂದವರು ರಾತ್ರಿ ಇರಬಾರದು." ನನ್ನ ಗಂಡ ವಾಯರು ಕಿತ್ತು ಸುತ್ತತೊಡಗಿದರು. ಅಕ್ಕ ಕಣ್ಣು ಕೆಳಗೆ ಹಾಕಿದಳು. ಎಲ್ಲರಿಗೂ ಹಾಗೆಯೇ ಹಾದಿ ಬಿಟ್ಟುಕೊಟ್ಟಂತೆ ನನಗೂ ಬಿಟ್ಟುಕೊಟ್ಟಳು. ನಾನು ಎದ್ದು, ಏನೂ ಹೇಳದೆ, ಅಂಗಳ ದಾಟಿ ಕಾರಿನಲ್ಲಿ ಕೂತೆ.

ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ಬರಿಗಾಲಲ್ಲಿ ಅಂಗಳಕ್ಕೆ ಇಳಿದು ಬಂದು ಬಾಗಿಲನ್ನು ಹಿಡಿದಳು.

"ಹೇಳಿ ಹೋಗು."

"ಏನು ಹೇಳ್ಲಿ ಅಕ್ಕಾ?"

"ಬರ್ತೇನಿ ಅಂತ ಹೇಳಿ ಹೋಗು."

ಹಿಂದಿನಿಂದ ಮುದುಕಿ ಕಿರುಚಿದಳು. "ಅಯ್ಯ ಶಿವನೇ, ಎಂಥ ಮಾತದು! ಸತ್ತ ಮನ್ಯಾಗ ಆಡೋ ಮಾತೇನವ್ವಾ? ಒಳಗ ಬಾ!"

ಅಕ್ಕ ತಿರುಗಿ ನೋಡಲಿಲ್ಲ. "ಬರೋದು ಬಂದು ಹೋಗ್ಯದರಿ ಅಕ್ಕಾರ. ಇನ್ನೇನು ಬರ್ತದ? ಇನ್ನ ಇಕಿ ಒಬ್ಬಾಕೆ ಬರಬೇಕು" ಎಂದಳು. ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಬರ್ತೇನಿ ಅಕ್ಕಾ" ಎಂದೆ. ಅರ್ಧ ಮಾತು ಒಳಗೇ ಉಳಿಯಿತು. ಅವಳಿಗೆ ಅಷ್ಟು ಸಾಕಾಯಿತೇನೋ, ಬಾಗಿಲು ಬಿಟ್ಟಳು.

ಕಾರು ಹೊರಟಿತು. ಅದಕ್ಕೆ ಸದ್ದೇ ಇಲ್ಲವಲ್ಲ. ಬೇರೆ ಗಾಡಿಯಾಗಿದ್ದರೆ ಇಂಜಿನ್ನಿನ ಗದ್ದಲದಲ್ಲಿ ನನಗೆ ಕೇಳಿಸುತ್ತಲೇ ಇರಲಿಲ್ಲ. ಓಣಿಯ ತಿರುವು ಬರುವ ಮುಂಚೆ ಹಿಂದಿನಿಂದ ಒಂದು ದನಿ ಎದ್ದಿತು. ಮೊದಲು ಯಾವುದೋ ದನ ಕೂಗಿತೆಂದುಕೊಂಡೆ. ಅಕ್ಕ ಅಳುತ್ತಿದ್ದಳು. ಹೊಟ್ಟೆಯ ಬುಡದಿಂದ, ಭಾವನನ್ನು ಕರೆದು ಕರೆದು ಅಳುತ್ತಿದ್ದಳು. ಮುದುಕಿಯ ದನಿ ಬಂದು ಕೂಡಿತು, ಸೊಸೆಯದೂ ಕೂಡಿತು. ಬದಿಯ ಕನ್ನಡಿ ನನ್ನ ಕೈಯಳತೆಯಲ್ಲೇ ಇತ್ತು. ತಿರುಗಿ ನೋಡಬಾರದೆಂದು ನಾನು ತೊಡೆಯ ಮೇಲಿನ ನನ್ನ ಕೈಗಳನ್ನೇ ನೋಡುತ್ತ ಕೂತೆ.

ನನ್ನ ಗಂಡ ಕಾರನ್ನು ಇನ್ನೂ ನಿಧಾನ ಮಾಡಿದರು. "ನಿಂದರಸ್ಲೇನು?"

"ಬ್ಯಾಡ್ರಿ" ಎಂದೆ. "ಅಳ್ಲಿ. ಮೆಲ್ಲಕ ಹೊಡೀರಿ, ಕೇಳಸೋ ತನಕ ಕೇಳ್ತೇನಿ."