ಮುಯ್ಯಾಳಿನ ಪುಟ

ಪಹಣಿ, ಆದಾಯ ಪ್ರಮಾಣಪತ್ರ, ಪಡಿತರ ಚೀಟಿಯ ತಿದ್ದುಪಡಿ ಎಂದು ಶಿರಸಿಯ ಒಂದು ಆನ್‌ಲೈನ್ ಅರ್ಜಿಗಳ ಅಂಗಡಿಗೆ ಬರುವವರನ್ನು ಅಲ್ಲಿ ಕೆಲಸಕ್ಕಿರುವ ನೇತ್ರಾ ನಾಯ್ಕ ಮೊದಲು ಕೇಳುವುದು, ಮೊಬೈಲ್ ತಂದಿದ್ದೀರಾ ಎಂದು. ಒಟಿಪಿ ಬರದೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ತರದವರನ್ನು ಅವರು ಗದರುವುದಿಲ್ಲ. ಬೆಂಚಿನ ಮೇಲೆ ಕೂರಿಸಿ, ಅವರ ಮನೆಗೆ ಫೋನ್ ಮಾಡಿ, ಅಲ್ಲಿದ್ದವರಿಂದ ಅಂಕಿಗಳನ್ನು ಓದಿಸಿಕೊಳ್ಳುತ್ತಾರೆ. ಕಾಯುವವರ ಕಷ್ಟ ಗೊತ್ತಿರುವವರಂತೆ ಕಾಣುತ್ತಾರೆ.

ನೇತ್ರಾ ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಒಂದು ರೈತ ಕುಟುಂಬದಲ್ಲಿ. ಸಿದ್ದಾಪುರದಲ್ಲೇ ಬಿ.ಕಾಂ. ಮುಗಿಸಿದರು. ಮದುವೆಯಾಗಿ ಹೋದದ್ದು ಯಲ್ಲಾಪುರ ತಾಲೂಕಿನ ನಂದೊಳ್ಳಿಗೆ. ಗಂಡ ಸುಭಾಷ ಲಾರಿ ಓಡಿಸುತ್ತಿದ್ದರು. ಮಗಳು ಭೂಮಿಕಾ ಅಂಗನವಾಡಿಗೆ ಹೋಗುತ್ತಿದ್ದ ವರ್ಷ ಅರಬೈಲ್ ಘಟ್ಟದಲ್ಲಿ ಲಾರಿ ಮಗುಚಿ ಅವರು ತೀರಿಕೊಂಡರು. ಆಮೇಲೆ ನೇತ್ರಾ ಕೆಲಸ ಹುಡುಕಿಕೊಂಡು ಶಿರಸಿಗೆ ಬಂದರು. ಅಂಗಡಿಯ ಕೆಲಸ ಕತ್ತಲಾಗುವವರೆಗೂ ಇರುತ್ತದೆ. ಬಾಡಿಗೆ ಕೋಣೆಯಲ್ಲಿ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಹಾಗಾಗಿ ಭೂಮಿಕಾ ನಂದೊಳ್ಳಿಯಲ್ಲಿ ಅಜ್ಜಿ ದೇವಕಿಯವರ ಜೊತೆ ಉಳಿದಳು.

ದೇವಕಿ ಕೆಟ್ಟ ಅತ್ತೆಯಲ್ಲ. ಸೊಸೆಗೆ ಅವರು ಒಂದೇ ಮಾತು ಹೇಳಿದ್ದರು.

“ನಿಂಗೊಂದು ಸರಿಯಾದ ಕೆಲಸ ಆಗ್ಲಿ, ಕರ್ಕಂಡು ಹೋಗು. ನಾ ಬೇಡ ಅನ್ನೂದಿಲ್ಲ. ಮಗನ್ನ ಕಳ್ಕಂಡವಳು ನಾನು, ತಾಯಿ ಹತ್ರ ಮಗು ಕಸಿಯೂದಿಲ್ಲ. ಆದ್ರೆ ಅಂಗಡಿ ಬೆಂಚಿನ ಮೇಲೆ ಕೂತು ಬೆಳೆಯೂದು ಬೇಡ ಅದು.”

ನೇತ್ರಾ ತಿಂಗಳಿಗೆ ಎರಡು ಭಾನುವಾರ ಯಲ್ಲಾಪುರದ ಬಸ್ಸು ಹಿಡಿದು ಹೋಗಿ ಸಂಜೆಗೆ ತಿರುಗಿ ಬರುತ್ತಿದ್ದರು. ಪ್ರತಿ ಸಲವೂ ಮಗಳು ರಸ್ತೆಯವರೆಗೆ ಬಂದು, ಮುಂದಿನ ಸಲ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳುತ್ತಿದ್ದಳು.

ಹೀಗಿರುವಾಗ ಅವರಿಗೆ ಆನ್‌ಲೈನ್ ತರಬೇತಿಯೊಂದರ ವಿಷಯ ತಿಳಿಯಿತು. ಫುಲ್ ಸ್ಟ್ಯಾಕ್ ವೆಬ್ ಡೆವಲಪ್‌ಮೆಂಟ್, ಅಂದರೆ ಜಾಲತಾಣದಲ್ಲಿ ಜನರ ಕಣ್ಣಿಗೆ ಕಾಣುವ ಪುಟವನ್ನೂ ಅದರ ಹಿಂದೆ ಮಾಹಿತಿ ಕೂಡಿಟ್ಟು ತೆಗೆದುಕೊಡುವ ವ್ಯವಸ್ಥೆಯನ್ನೂ ಒಬ್ಬರೇ ಕಟ್ಟಲು ಕಲಿಸುವ ತರಬೇತಿ. ಅದನ್ನು ಮುಗಿಸಿದವರಲ್ಲಿ ಕೆಲವರನ್ನು ಶಿರಸಿಯದೇ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ ತೆಗೆದುಕೊಳ್ಳುತ್ತಿತ್ತು. ಸಂಜೆ ಐದಕ್ಕೆ ಮುಗಿಯುವ ಕೆಲಸ, ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಮಾಡಬಹುದು. ಶಾಲೆ ಬಿಟ್ಟು ಬರುವ ಮಗುವಿಗೆ ಬಾಗಿಲು ತೆರೆಯಲು ತಾಯಿ ಮನೆಯಲ್ಲಿರಬಹುದು. ನೇತ್ರಾ ತರಬೇತಿಗೆ ಸೇರಿದ್ದು ಇದೊಂದಕ್ಕೇ.

ಅಂಗಡಿಯ ಮಾಲೀಕ ಅನಂತಮೂರ್ತಿ ಹೆಗಡೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಳಕೋಣೆಯ ಕಂಪ್ಯೂಟರನ್ನು ಬಳಸಲು ಬಿಟ್ಟರು. ಅದಕ್ಕೆ ಬದಲಾಗಿ ತಮಾಷೆ ಮಾಡುವ ಹಕ್ಕನ್ನು ಇಟ್ಟುಕೊಂಡರು.

“ಎಂತ ಮಾರಾಯ್ತಿ, ಅಂಗಡಿ ಬಾಗಿಲೂ ನೀನೇ, ಗೋದಾಮೂ ನೀನೇ ಅಂದ ಹಾಂಗಾತು. ಕಲ್ತು ಮುಗಿಸಿದ್ಮೇಲೆ ನನ್ನ ಎಲ್ಲಿ ಕೂರಿಸ್ತೆ?”

ಅಂಗಡಿಯ ಹಿಂದೆಯೇ ಅವರ ಮನೆ. ಹೆಂಡತಿ ಪರಿಮಳಾ ಚಹಾ ತಂದಾಗ ಹೆಗಡೆ ಮೊದಲ ಲೋಟವನ್ನು ನೇತ್ರಾ ಕಡೆ ತೋರಿಸಿ, “ಅವಳಿಗೆ ಕೊಡು, ಆನು ಆಮೇಲೆ ಕುಡಿತೆ” ಎನ್ನುತ್ತಿದ್ದರು. ಪಾಠ ನಡೆಯುವಾಗ ಕ್ಯಾಮೆರಾ ಹಾಕಿಯೇ ಇರಬೇಕಾದ್ದರಿಂದ ಪರಿಮಳಾ ಬಗ್ಗಿಕೊಂಡು ಬಂದು ಲೋಟ ಇಟ್ಟು ಬಗ್ಗಿಕೊಂಡೇ ಹೋಗುವುದನ್ನು ಇಡೀ ತರಗತಿ ನೋಡಿತ್ತು.

ಕಾವ್ಯಶ್ರೀ ಪರಿಚಯವಾದದ್ದು ಆ ತರಗತಿಯಲ್ಲೇ. ಬನವಾಸಿ ಸಮೀಪದ ಗುಡ್ನಾಪುರದ ಹುಡುಗಿ, ಡಿಗ್ರಿ ಮುಗಿಸಿ ಒಂದೇ ವರ್ಷ. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಕೆರೆ ಏರಿಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತು ಪಾಠ ಕೇಳುತ್ತಿದ್ದಳು. ಅವಳ ಹಿಂದೆ ಎಮ್ಮೆಗಳು ನೀರಿಗಿಳಿಯುವುದು ಕಾಣುತ್ತಿತ್ತು. ಪುಟದ ಅಂದಚೆಂದ, ಬಣ್ಣ, ಯಾವ ಗುಂಡಿ ಎಲ್ಲಿರಬೇಕು ಎಂಬುದು ಅವಳ ಕೈಗೆ ಸಲೀಸಾಗಿ ಬರುತ್ತಿತ್ತು. ಹಿಂದಿನ ಕೆಲಸ, ಅಂದರೆ ಲಾಗಿನ್, ಮಾಹಿತಿಯ ಜೋಡಣೆ ನೇತ್ರಾಗೆ ಸುಲಭ. ದಿನವಿಡೀ ಅರ್ಜಿ ತುಂಬಿ ತುಂಬಿ ಯಾವ ಮಾಹಿತಿಯ ಹಿಂದೆ ಯಾವುದು ಬರಬೇಕೆಂಬುದು ಅವರಿಗೆ ರೂಢಿಯಾಗಿತ್ತು.

ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಪೂರ್ಣ ಜಾಲತಾಣ ಕಟ್ಟಿ ತೋರಿಸಬೇಕಿತ್ತು. ನೇತ್ರಾ ಆರಿಸಿಕೊಂಡದ್ದು ಅರ್ಜಿದಾರರಿಗೆ ತಮ್ಮ ಅರ್ಜಿ ಎಲ್ಲಿಗೆ ಬಂತೆಂದು ತೋರಿಸುವ ಪುಟ. ಕಾವ್ಯಶ್ರೀಯದು ಬನವಾಸಿ ಸುತ್ತಲಿನ ಬಸ್ಸುಗಳ ವೇಳೆ.

ಕೆಲಸ ಅರ್ಧಕ್ಕೆ ಬಂದಾಗ ಕಾವ್ಯಶ್ರೀಯ ಮನೆಯಲ್ಲಿ ಅನಾನಸ್ ಕೊಯ್ಲು ಶುರುವಾಯಿತು. ಮನೆಮಂದಿಯೆಲ್ಲ ತೋಟದಲ್ಲಿರುವಾಗ ಒಬ್ಬಳು ಕೆರೆ ಏರಿಯ ಮೇಲೆ ಕೂರುವಂತಿರಲಿಲ್ಲ. ಆ ವಾರ ನೇತ್ರಾ ಅವಳ ಲಾಗಿನ್ ಭಾಗವನ್ನೂ ಮಾಹಿತಿ ತೆಗೆಯುವ ಭಾಗವನ್ನೂ ಬರೆದುಕೊಟ್ಟರು. ತೀರಿಸುವ ದಿನವೂ ಬೇಗ ಬಂತು. ನಂದೊಳ್ಳಿಯಲ್ಲಿ ಭೂಮಿಕಾಗೆ ಸಿತಾಳೆ ಸಿಡುಬು ಎದ್ದಿತು. ನೇತ್ರಾ ಅಲ್ಲಿಗೆ ಹೋಗಿ ಮಗಳ ಹಾಸಿಗೆಯ ಪಕ್ಕ ಬೇವಿನ ಸೊಪ್ಪು ಇಟ್ಟುಕೊಂಡು ಕೂತಿದ್ದಾಗ ಕಾವ್ಯಶ್ರೀ ಅವರ ಪುಟಗಳನ್ನು ಮಾಡಿ ಮುಗಿಸಿದಳು.

ಇಬ್ಬರಿಗೂ ಇದರಲ್ಲಿ ಯೋಚಿಸಬೇಕಾದದ್ದೇನೂ ಕಾಣಲಿಲ್ಲ. ಇಬ್ಬರ ಊರಲ್ಲೂ ಮುಯ್ಯಾಳಿನ ರೂಢಿಯಿದೆ. ಇವತ್ತು ನಿಮ್ಮ ಗದ್ದೆಯ ನಟ್ಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಕೂಲಿ ಇಲ್ಲ, ಪಡೆದ ಆಳನ್ನು ಆಳಿನಲ್ಲೇ ತೀರಿಸಬೇಕು. ಹಾಗೆ ನೆಟ್ಟ ಗದ್ದೆಯನ್ನು ಬೇರೆಯವರದೆಂದು ಯಾರೂ ಹೇಳುವುದಿಲ್ಲ. ‘ನಿಮ್ಮ ಕೆಲಸವನ್ನು ನೀವೇ ಮಾಡಿ’ ಎಂಬ ನಿಯಮವನ್ನು ನೇತ್ರಾ ಓದಿದ್ದರು. ಹೊರಗೆ ದುಡ್ಡು ಕೊಟ್ಟು ಮಾಡಿಸಬಾರದು, ಯಂತ್ರದಿಂದ ಬರೆಸಬಾರದು ಎಂದು ಅದನ್ನು ಅರ್ಥಮಾಡಿಕೊಂಡಿದ್ದರು. ಮುಯ್ಯಾಳು ಅವರ ಲೆಕ್ಕದಲ್ಲಿ ಸ್ವಂತ ದುಡಿಮೆಯೇ. ಮುಚ್ಚಿಡಲಿಲ್ಲ ಕೂಡ. ಕಾವ್ಯಶ್ರೀ ಮಾಡಿದ ಭಾಗದ ಮೇಲೆ ಅವಳ ಹೆಸರು ಬರೆದು ಪಕ್ಕದಲ್ಲಿ ‘ಮುಯ್ಯಾಳು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರು. ಗುಡ್ನಾಪುರದ ಹುಡುಗಿಯೂ ಹಾಗೆಯೇ ಮಾಡಿದಳು.

ಪುಟ ತಯಾರಾದ ಮೇಲೆ ಪರೀಕ್ಷಿಸಿ ನೋಡಲು ಒಂದು ಅರ್ಜಿ ಬೇಕಿತ್ತು. ನೇತ್ರಾ ಮಗಳ ಹೆಸರನ್ನೇ ಹಾಕಿದರು. ಅರ್ಜಿದಾರರು: ಭೂಮಿಕಾ ಸುಭಾಷ ನಾಯ್ಕ, ನಂದೊಳ್ಳಿ. ಕೋರಿಕೆ: ಶಿರಸಿಗೆ ಬರುವುದು. ಸ್ಥಿತಿ: ಪರಿಶೀಲನೆಯಲ್ಲಿದೆ. ಅಜ್ಜಿಯ ಫೋನಿಗೆ ಲಿಂಕ್ ಕಳಿಸಿದರು. ಭೂಮಿಕಾ ಜಗಲಿಯ ಕಟ್ಟೆಯ ಮೇಲೆ ನಿಂತು, ಸಿಗ್ನಲ್ ಹಿಡಿದು ಅದನ್ನು ತೆರೆದು ನೋಡಿದಳು. ಆಮೇಲೆ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನೋಡುವುದು ಅವಳ ಅಭ್ಯಾಸವಾಯಿತು.

ಅದು ನೇತ್ರಾಗೆ ಗೊತ್ತಾಗುತ್ತಿತ್ತು. ಪುಟವಿದ್ದದ್ದು ಬಿಟ್ಟಿ ಸರ್ವರಿನಲ್ಲಿ. ಅಂಥ ಸರ್ವರು ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ನಿದ್ದೆ ಹೋಗುತ್ತದೆ, ಮತ್ತೆ ಯಾರಾದರೂ ತೆರೆದಾಗ ಎಚ್ಚರಗೊಳ್ಳಲು ಸಮಯ ಹಿಡಿಯುತ್ತದೆ. ಬೆಳಿಗ್ಗೆ ಅಂಗಡಿಯ ಒಳಕೋಣೆಯಲ್ಲಿ ಪುಟ ಥಟ್ಟನೆ ತೆರೆದುಕೊಂಡರೆ, ನಂದೊಳ್ಳಿಯಲ್ಲಿ ಮಗಳು ಈಗಷ್ಟೇ ನೋಡಿದ್ದಾಳೆ ಎಂದರ್ಥ.

ಏಪ್ರಿಲ್ ಹೊತ್ತಿಗೆ ಎಲ್ಲವೂ ಸರಿಯಾಗಿ ಸಾಗಿತ್ತು. ಶಿರಸಿಯ ಕಚೇರಿಯವರು ಒಮ್ಮೆ ಫೋನಿನಲ್ಲಿ ಮಾತಾಡಿ, ಸರ್ಟಿಫಿಕೇಟ್ ಬಂದ ಕೂಡಲೇ ಬರಲು ಹೇಳಿದ್ದರು. ನೇತ್ರಾ ಮನೆ ಹತ್ತಿರದ ಶಾಲೆಯಲ್ಲಿ ವಿಚಾರಿಸಿ ಬಂದರು. ನಂದೊಳ್ಳಿಯಲ್ಲಿ ದೇವಕಿ ತಾವೇ ಹೋಗಿ ಹೆಡ್‌ಮಾಸ್ತರರ ಹತ್ತಿರ ಟಿಸಿ ಬೇಕಾಗುತ್ತದೆ ಎಂದು ಹೇಳಿಟ್ಟರು. ಭೂಮಿಕಾ ತನ್ನ ಬಟ್ಟೆಗಳನ್ನು ಅಪ್ಪನ ಹಳೆಯ ಚೀಲಕ್ಕೆ ತುಂಬತೊಡಗಿದಳು.

ತರಬೇತಿ ಸಂಸ್ಥೆಯಿಂದ ವೀಡಿಯೊ ಕರೆ ಬಂದದ್ದು ಆ ದಿನಗಳಲ್ಲೇ. ಅವರ ತಂಡದ ಮಾರ್ಗದರ್ಶಕ ಶಶಾಂಕ, ಮಾತಿನಲ್ಲಿ ಮರ್ಯಾದೆಯುಳ್ಳ ತರುಣ. ನೇತ್ರಾ, ಕಾವ್ಯಶ್ರೀ ಇಬ್ಬರ ಜಾಲತಾಣಗಳ ಅರ್ಧದಷ್ಟು ಭಾಗ ಒಂದೇ ಥರ ಇದೆಯೆಂದು ನಕಲು ಹಿಡಿಯುವ ಯಂತ್ರ ಪತ್ತೆ ಹಚ್ಚಿತ್ತು. ಈ ಭಾಗ ನೀವೇ ಬರೆದದ್ದಾ ಎಂದು ಒಂದೊಂದೇ ತೋರಿಸಿ ಕೇಳಿದರು.

“ಇದು ನಂದು ಸರ್. ಆ ಪುಟ ಕಾವ್ಯಶ್ರೀದು. ಅವಳದ್ರಲ್ಲಿ ಇರೂದು ನಂದು. ನಾವು ಮುಯ್ಯಾಳು ಮಾಡ್ಕಂಡಿದ್ದು” ಎಂದರು ನೇತ್ರಾ.

ಶಶಾಂಕರಿಗೆ ಆ ಪದ ಗೊತ್ತಿರಲಿಲ್ಲ. ನೇತ್ರಾ ಗದ್ದೆಯ ಲೆಕ್ಕದಿಂದ ಹಿಡಿದು ವಿವರಿಸಿದರು. ಶಶಾಂಕ, ನೀವು ಕಾವ್ಯಶ್ರೀಗೆ ಬರೀ ತೋರಿಸಿಕೊಟ್ಟಿರಿ, ಅವರು ನೋಡಿಕೊಂಡು ತಾವೇ ಮಾಡಿದರು, ಹಾಗಲ್ಲವೇ ಎಂದು ಕೇಳಿದರು. ಅದು ತನ್ನನ್ನು ಉಳಿಸಲು ಅವರು ತೋರಿದ ದಾರಿ ಎಂದು ನೇತ್ರಾಗೆ ಆಗ ಹೊಳೆಯಲಿಲ್ಲ.

“ಇಲ್ಲ ಸರ್, ಅವಳು ಮಾಡಿದ್ದೇ ಹಾಕಿದ್ದೆ. ಹೆಸರೂ ಬರ್ದಿದ್ದೆ.”

“ಮೇಡಂ,” ಎಂದರು ಶಶಾಂಕ, “ಇದನ್ನ ನಾನು ಹೇಗೆ ಬರೀಲಿ ಹೇಳಿ.”

ಕಚೇರಿಗಳಲ್ಲಿ ನಾವೆಲ್ಲ ಹೀಗೆ ಹಂಚಿಕೊಂಡೇ ಕೆಲಸ ಮಾಡುವುದು, ಆದರೆ ಪರೀಕ್ಷೆಯ ನಿಯಮ ಬೇರೆ ಎಂದು ಅವರು ಕೊನೆಯಲ್ಲಿ ಹೇಳಿದರು.

ಮರುದಿನ ಕಾವ್ಯಶ್ರೀಯ ಸರದಿ. ನೇತ್ರಾ ಫೋನ್ ಮಾಡಿ, ಎಲ್ಲವನ್ನೂ ನೀನೇ ಮಾಡಿದ್ದೆಂದು ಹೇಳಿ ನೀನಾದರೂ ಪಾಸಾಗು ಎಂದರು. ಹುಡುಗಿ ಒಪ್ಪಲಿಲ್ಲ.

“ನಾ ಹಂಗ ಹೇಳಂಗಿಲ್ರಿ ಅಕ್ಕಾ. ಹೇಳಿದ್ರ ನಿಮ್ಮ ಕೆಲ್ಸ ನಾ ಕದ್ದಂಗ ಆಕ್ಕೇತಿ.”

ಒಂದು ವಾರದ ನಂತರ ಇಬ್ಬರಿಗೂ ಒಂದೇ ಒಕ್ಕಣೆಯ ಇ-ಮೇಲ್ ಬಂತು. ಸರ್ಟಿಫಿಕೇಟ್ ಇಲ್ಲ, ಮರುವರ್ಷದ ತಂಡದಲ್ಲಿ ಮೊದಲಿನಿಂದ ಸೇರಿಕೊಳ್ಳಬಹುದು. ಅನಂತಮೂರ್ತಿ ಅದನ್ನು ಓದಿದರು. ಆ ದಿನ ಅವರು ಯಾವ ತಮಾಷೆಯನ್ನೂ ಮಾಡಲಿಲ್ಲ. ಶಿರಸಿಯ ಕಚೇರಿಗೆ ತಾವೇ ಹೋಗಿ ಮಾತಾಡಿ ಬಂದರು. ಪಾಪ, ಮುಂದಿನ ವರ್ಷ ನೋಡೋಣ ಎಂದರಂತೆ ಅಲ್ಲಿಯವರು. ಸಿದ್ದಾಪುರದ ಕಡೆಯ ತವರಿನಲ್ಲಿ ತಾಯಿ ಸುಬ್ಬಿಗೆ ವಿಷಯ ಹೇಳುವುದೇ ಕಷ್ಟವಾಯಿತು. ಎಷ್ಟು ಹೇಳಿದರೂ ಅವರು ಕೇಳಿದ್ದು ಒಂದನ್ನೇ.

“ನಿನ್ನ ಗದ್ದೆಗೆ ಮತ್ತೊಬ್ಬರು ಇಳದ್ರೆ ಗದ್ದೆ ನಿಂದಲ್ಲ ಅಂತ್ರಾ ಅವ್ರು?”

ನಂದೊಳ್ಳಿಗೆ ಹೋಗಿ ಹೇಳಬೇಕಿತ್ತು. ಕಾವ್ಯಶ್ರೀ ಬನವಾಸಿಯಿಂದ ಮೊದಲ ಬಸ್ಸಿಗೆ ಶಿರಸಿಗೆ ಬಂದಳು. ಇಬ್ಬರೂ ಮುಖಾಮುಖಿ ನೋಡಿದ್ದು ಅದೇ ಮೊದಲು. ನೀವು ಬರೆದುಕೊಟ್ಟದ್ದು ಎರಡು ಭಾಗ, ನಾನು ತೀರಿಸಿದ್ದು ಒಂದೇ, ನಿಮ್ಮ ಒಂದು ಆಳು ನನ್ನ ಮೇಲೆ ಉಳಿದಿದೆ, ಜೊತೆಗೆ ಬರುತ್ತೇನೆ ಎಂದಳು. ಇಬ್ಬರೂ ಯಲ್ಲಾಪುರದ ಬಸ್ಸು ಹತ್ತಿದರು.

ಭೂಮಿಕಾ ಚೀಲವನ್ನು ಜಗಲಿಗೆ ತಂದಿಟ್ಟಿದ್ದಳು. ಹೊಸ ನೀರಿನ ಬಾಟಲಿ ಅದರ ಪಕ್ಕದ ಜೇಬಿನಲ್ಲಿ ನಿಂತಿತ್ತು. ದೇವಕಿ ಇಬ್ಬರ ಮುಖ ನೋಡಿ ಅಡುಗೆಮನೆಗೆ ಹೋಗಿ ಪಾನಕ ಮಾಡತೊಡಗಿದರು. “ನಾ ಹೇಳ್ಲೇನ್ರಿ ಅಕ್ಕಾ?” ಎಂದು ಕಾವ್ಯಶ್ರೀ ಮೆಲ್ಲಗೆ ಕೇಳಿದಳು. ನೇತ್ರಾ ತಲೆಯಾಡಿಸಿ ಬೇಡವೆಂದರು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಪರೀಕ್ಷೆಯಲ್ಲಿ ತಪ್ಪಾಯಿತು, ಈ ವರ್ಷ ಕೆಲಸ ಸಿಗುವುದಿಲ್ಲ, ಶಾಲೆ ಇಲ್ಲಿಯೇ ಎಂದು ಹೇಳಿದರು.

ಭೂಮಿಕಾ ಅಳಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದಳು.

“ಈಗ ಅದ್ರಲ್ಲಿ ಎಂತ ತೋರಿಸ್ತದೆ?”

ಪುಟದ ವಿಷಯವೆಂದು ತಿಳಿಯಲು ನೇತ್ರಾಗೆ ಕ್ಷಣ ಬೇಕಾಯಿತು. ಅವರೇ ಕಟ್ಟಿದ ಪುಟ. ಅರ್ಜಿಯ ಸ್ಥಿತಿಗೆ ಅದರಲ್ಲಿ ಅವರು ಇಟ್ಟದ್ದು ನಾಲ್ಕು ಮಾತು: ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ, ಮಂಜೂರಾಗಿದೆ, ತಿರಸ್ಕರಿಸಲಾಗಿದೆ.

“ಮೊದ್ಲಿನ ಹಾಂಗೇ ಇರ್ತದೆ” ಎಂದರು.

ಪಾನಕದ ಲೋಟ ತಂದಿಟ್ಟ ದೇವಕಿ, ಟಿಸಿ ಬೇಡವೆಂದು ಮಾಸ್ತರರಿಗೆ ನಾನೇ ಹೇಳುತ್ತೇನೆ ಎಂದರು. ಮೊಮ್ಮಗಳು ತಮ್ಮ ಬಳಿಯೇ ಉಳಿದಳೆಂಬ ನೆಮ್ಮದಿ ಅವರ ದನಿಯಲ್ಲಿರಲಿಲ್ಲ. ಚೀಲದಿಂದ ಬಟ್ಟೆ ತೆಗೆದು ಮತ್ತೆ ಗೂಡಿನಲ್ಲಿಡುವಾಗ ಕಾವ್ಯಶ್ರೀ ಮಗುವಿಗೆ ಒಂದೊಂದೇ ಮಡಿಚಿ ಕೊಟ್ಟಳು. ಸಂಜೆ ಭೂಮಿಕಾ ರಸ್ತೆಯವರೆಗೆ ಬಂದಳು, ಬಸ್ಸಿಗೆ ಕೈ ಬೀಸಿದಳು. ಪ್ರತಿ ಸಲ ಕೇಳುವ ಪ್ರಶ್ನೆಯನ್ನು ಕೇಳಲಿಲ್ಲ.

ಶಾಲೆ ಶುರುವಾಯಿತು. ನೇತ್ರಾ ಮರುವರ್ಷದ ತಂಡಕ್ಕೆ ಹೆಸರು ಕೊಟ್ಟಿದ್ದಾರೆ. ಯಾರ ಸಹಾಯವನ್ನೂ ಪಡೆಯುವುದಿಲ್ಲ ಎಂಬ ಸಾಲಿನ ಮುಂದೆ ಟಿಕ್ ಹಾಕಿದ್ದಾರೆ. ಕಾವ್ಯಶ್ರೀಗೆ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಅವಳು ಮತ್ತೆ ಸೇರುತ್ತಾಳೋ ಇಲ್ಲವೋ ತಿಳಿಯದು. ನಟ್ಟಿಯ ದಿನ ನೇತ್ರಾ ತವರಿಗೆ ಹೋಗಿ ಬೇರೆಯವರ ಗದ್ದೆಯಲ್ಲಿ ಮುಯ್ಯಾಳಾಗಿ ನಿಂತು ಬಂದರು.

ಜೂನ್ ತಿಂಗಳಿಡೀ ಬೆಳಿಗ್ಗೆ ಒಳಕೋಣೆಯಲ್ಲಿ ಪುಟ ಥಟ್ಟನೆ ತೆರೆದುಕೊಳ್ಳುತ್ತಿತ್ತು. ಸ್ಥಿತಿ: ಪರಿಶೀಲನೆಯಲ್ಲಿದೆ. ಕಾವ್ಯಶ್ರೀ ಆರಿಸಿದ ತಿಳಿಹಳದಿ ಬಣ್ಣದ ಚೌಕದೊಳಗೆ ಮಗಳ ಹೆಸರು ಕಾಣುತ್ತಿತ್ತು. ನೇತ್ರಾ ನೋಡಿ ಮುಚ್ಚಿ, ಅಂಗಡಿಯ ಬಾಗಿಲು ತೆಗೆಯುತ್ತಿದ್ದರು.

ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ಪುಟ ಥಟ್ಟನೆ ತೆರೆಯಲಿಲ್ಲ. ಪರದೆ ಬಿಳಿಯಾಗಿ ನಿಂತು, ನಡುವೆ ಸಣ್ಣ ಚಕ್ರ ಸುತ್ತುತ್ತಿತ್ತು. ನೆಟ್ ಹೋಗಿರಬೇಕೆಂದು ಅವರು ಎದ್ದು ತಂತಿ ಮುಟ್ಟಿ ನೋಡಿದರು. ನೆಟ್ ಸರಿಯಾಗಿಯೇ ಇತ್ತು. ಆ ಬೆಳಿಗ್ಗೆ ಅವರಿಗಿಂತ ಮೊದಲು ಸರ್ವರನ್ನು ಯಾರೂ ಎಬ್ಬಿಸಿರಲಿಲ್ಲ. ಪರಿಮಳಾ ತಂದಿಟ್ಟ ಚಹಾ ಆರುವ ಹೊತ್ತಿಗೆ ಸರ್ವರು ಎಚ್ಚೆತ್ತು ಹೆಸರು ಕಾಣಿಸಿತು. ಮರುದಿನವೂ ಅಷ್ಟೇ ತಡವಾಯಿತು. ಅದರ ಮರುದಿನವೂ.

ಅವರು ನಂದೊಳ್ಳಿಗೆ ಫೋನ್ ಮಾಡಿ ಕೇಳಲಿಲ್ಲ. ದಿನಾ ಬೆಳಿಗ್ಗೆ ತಾವೇ ತೆರೆದು, ಚಕ್ರ ಸುತ್ತಿ ನಿಲ್ಲುವವರೆಗೆ ಕಾಯುತ್ತಾರೆ.